ವಾರಕ್ಕೆ 12 ಗಂಟೆ: ಡಯಾಲಿಸಿಸ್ ಏನು ಮಾಡುತ್ತದೆ, ಏನು ಮಾಡಲಾರದು

ಹವಲ್ಲಿ, ಸಾಲ್ಮಿಯಾ ಕಡೆ ಇರುವ ನಮಗೆಲ್ಲ ಜಾಬ್ರಿಯಾದ ಮುಬಾರಕ್ ಅಲ್ ಕಬೀರ್ ಆಸ್ಪತ್ರೆ ಗೊತ್ತು. ಹವಲ್ಲಿ ಪ್ರಾಂತ್ಯದ ದೊಡ್ಡ ಸರ್ಕಾರಿ ಆಸ್ಪತ್ರೆ ಅದು. ಕುವೈತ್ ವಿಶ್ವವಿದ್ಯಾಲಯದ ವೈದ್ಯಕೀಯ ವಿದ್ಯಾರ್ಥಿಗಳು ಕಲಿಯುವುದೂ ಅಲ್ಲೇ. ಈ ವರ್ಷದ ಅಧ್ಯಯನ ಲೇಖನಕ್ಕೆ ನಾವು ಕಿಡ್ನಿ ಕಾಯಿಲೆ ಮತ್ತು ಡಯಾಲಿಸಿಸ್ ವಿಷಯವನ್ನು ಆರಿಸಿಕೊಂಡಿದ್ದೇವೆ. ಕಾರಣ ಎರಡು. ಒಂದು, ನಮ್ಮ ಅಪ್ಪ ಅಮ್ಮಂದಿರ ವಯಸ್ಸಿನವರಲ್ಲಿ ಶುಗರ್, ಬಿಪಿ ಇಲ್ಲದ ಮನೆ ಹುಡುಕಿದರೂ ಸಿಗುವುದು ಕಷ್ಟ. ಕಿಡ್ನಿ ಕೆಡುವುದಕ್ಕೆ ಇವೆರಡೇ ಮುಖ್ಯ ಕಾರಣಗಳು. ಇನ್ನೊಂದು, ಭಾರತದಲ್ಲಿ ಕಿಡ್ನಿ ಚಿಕಿತ್ಸೆಯ ಬಾಗಿಲು ತೆರೆದವರಲ್ಲಿ ಒಬ್ಬರಾದ ಸಂಶೋಧಕ ವೈದ್ಯರು ಆಮೇಲೆ ಇದೇ ಕುವೈತಿನಲ್ಲಿ ಕೆಲಸ ಮಾಡಿದ್ದಾರೆ. ಅವರ ಕೆಲಸವನ್ನು ಅರ್ಥ ಮಾಡಿಕೊಳ್ಳಬೇಕಾದರೆ ಮೊದಲು ಕಿಡ್ನಿ ಏನು ಮಾಡುತ್ತದೆ, ಯಂತ್ರ ಏನು ಮಾಡುತ್ತದೆ ಅನ್ನುವುದು ಸ್ವಲ್ಪ ಗೊತ್ತಿರಬೇಕು. ಅಲ್ಲಿಂದಲೇ ಶುರು ಮಾಡೋಣ.

ಎರಡು ಮುಷ್ಟಿ, ಇಪ್ಪತ್ತು ಲಕ್ಷ ಜರಡಿ

ನಮ್ಮ ಮುಷ್ಟಿಯಷ್ಟು ದೊಡ್ಡದಾದ ಎರಡು ಕಿಡ್ನಿಗಳಲ್ಲಿ ಒಂದೊಂದರಲ್ಲೂ ಸುಮಾರು 10 ಲಕ್ಷ ನೆಫ್ರಾನ್‌ಗಳಿವೆ. ನೆಫ್ರಾನ್ ಅಂದರೆ ಒಂದು ಪುಟ್ಟ ಜರಡಿ, ಅದರ ಹಿಂದೆ ಒಂದು ಉದ್ದನೆಯ ಕೊಳವೆ. ನಿಮಿಷಕ್ಕೆ ಒಂದು ಲೀಟರಿಗೂ ಹೆಚ್ಚು ರಕ್ತ ಕಿಡ್ನಿಗಳ ಮೂಲಕ ಹಾದುಹೋಗುತ್ತದೆ. ದಿನಕ್ಕೆ ಸುಮಾರು 180 ಲೀಟರ್ ನೀರಿನಂಥ ದ್ರವ ಸೋಸಿ ಕೊಳವೆಗೆ ಇಳಿಯುತ್ತದೆ. ಅದರಲ್ಲಿ ಬೇಕಾದದ್ದನ್ನೆಲ್ಲ ದೇಹ ಮತ್ತೆ ಹೀರಿಕೊಂಡು, ಕೊನೆಗೆ ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಗೆ ಕಳಿಸುತ್ತದೆ.

ಕಸ ತೆಗೆಯುವುದು ಇದರ ಒಂದು ಕೆಲಸ ಅಷ್ಟೇ. ರಕ್ತದ ಕೆಂಪು ಕಣ ಹುಟ್ಟಿಸಲು ಬೇಕಾದ ಎರಿಥ್ರೊಪೊಯೆಟಿನ್ ಎಂಬ ಹಾರ್ಮೋನು ಕಿಡ್ನಿಯಿಂದ ಬರುತ್ತದೆ. ವಿಟಮಿನ್ ಡಿ ಮೂಳೆಗೆ ಉಪಯೋಗವಾಗುವ ರೂಪಕ್ಕೆ ತಿರುಗುವುದು ಅಲ್ಲೇ. ರಕ್ತದೊತ್ತಡ, ಉಪ್ಪು, ಪೊಟ್ಯಾಸಿಯಂ, ಆಮ್ಲದ ಹದ, ಎಲ್ಲದರ ಲೆಕ್ಕ ಅದರ ಕೈಯಲ್ಲಿದೆ. ಈ ಪಟ್ಟಿಯನ್ನು ನೆನಪಿಟ್ಟುಕೊಳ್ಳಿ. ಮುಂದೆ ಯಂತ್ರದ ವಿಷಯ ಬಂದಾಗ ಇದರಲ್ಲಿ ಯಾವುದನ್ನು ಯಂತ್ರ ಮಾಡುತ್ತದೆ, ಯಾವುದನ್ನು ಬಿಡುತ್ತದೆ ಅಂತ ನೋಡಬೇಕು.

ಸದ್ದಿಲ್ಲದೆ ಕೆಡುವ ಅಂಗ

ಕಿಡ್ನಿ ಕೆಡುವಾಗ ನೋವು ಕೊಡುವುದು ಅಪರೂಪ. ಅರ್ಧದಷ್ಟು ಶಕ್ತಿ ಹೋದರೂ ಮನುಷ್ಯ ಆಫೀಸಿಗೆ ಹೋಗಿ ಬಂದು, ಊಟ ಮಾಡಿ, ನೆಮ್ಮದಿಯಾಗಿ ಮಲಗುತ್ತಾನೆ. ಪಾದ ಊದಿಕೊಳ್ಳುವುದು, ಹಸಿವಿಲ್ಲದಿರುವುದು, ವಾಂತಿ, ಮೈ ತುರಿಕೆ, ಏದುಸಿರು, ಇವೆಲ್ಲ ಬರುವ ಹೊತ್ತಿಗೆ ಬಹಳ ತಡವಾಗಿರುತ್ತದೆ. ಆದ್ದರಿಂದ ಲಕ್ಷಣ ನೋಡಿ ಪರೀಕ್ಷೆ ಮಾಡಿಸುತ್ತೇವೆ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ವೈದ್ಯರು ನೋಡುವುದು ಎರಡು ಸಂಖ್ಯೆ. ಒಂದು ರಕ್ತದ ಕ್ರಿಯಾಟಿನಿನ್. ಅದರಿಂದ ವಯಸ್ಸು, ಲಿಂಗ ಸೇರಿಸಿ ಕಿಡ್ನಿ ಸೋಸುವ ವೇಗವನ್ನು ಅಂದಾಜು ಮಾಡುತ್ತಾರೆ. ರಿಪೋರ್ಟಿನಲ್ಲಿ ಅದನ್ನು ಇ-ಜಿಎಫ್‌ಆರ್ ಎಂದು ಬರೆದಿರುತ್ತದೆ. 90ಕ್ಕಿಂತ ಮೇಲಿದ್ದರೆ ಸರಿಯಾದ ವೇಗ. 60ಕ್ಕಿಂತ ಕೆಳಗೆ ಮೂರು ತಿಂಗಳಿಗೂ ಹೆಚ್ಚು ಕಾಲ ಇದ್ದರೆ ಅದು ದೀರ್ಘಕಾಲದ ಕಿಡ್ನಿ ಕಾಯಿಲೆ. 15ಕ್ಕಿಂತ ಕೆಳಗೆ ಇಳಿದರೆ ಕಿಡ್ನಿ ಸೋತಿದೆ ಎಂದರ್ಥ. ಇನ್ನೊಂದು ಸಂಖ್ಯೆ ಮೂತ್ರದಲ್ಲಿ ಸೋರುವ ಆಲ್ಬುಮಿನ್ ಎಂಬ ಪ್ರೋಟೀನಿನದು. ರಕ್ತದ ಪರೀಕ್ಷೆ ಸರಿಯಾಗಿಯೇ ಕಾಣುವ ಕಾಲದಲ್ಲೂ ಇದು ಮೊದಲ ಎಚ್ಚರಿಕೆ ಕೊಡಬಲ್ಲದು. ಶುಗರ್ ಇರುವವರು ಎರಡನ್ನೂ ವರ್ಷಕ್ಕೊಮ್ಮೆಯಾದರೂ ಮಾಡಿಸಬೇಕು.

ಇಲ್ಲಿ ಇರುವವರಿಗೆ ಒಂದು ಕಿವಿಮಾತು. ಕುವೈತಿನ ಲ್ಯಾಬ್ ರಿಪೋರ್ಟಿನಲ್ಲಿ ಕ್ರಿಯಾಟಿನಿನ್ ಸಾಮಾನ್ಯವಾಗಿ ಮೈಕ್ರೋಮೋಲ್ ಲೆಕ್ಕದಲ್ಲಿ ಇರುತ್ತದೆ. ಊರಿನಲ್ಲಿ ಮಿಲಿಗ್ರಾಂ ಲೆಕ್ಕ. ಇಲ್ಲಿ 88 ಅಂತ ಬಂದದ್ದು ಮಂಗಳೂರಿನಲ್ಲಿ 1 ಅಂತ ಬರುತ್ತದೆ. ಎರಡೂ ಒಂದೇ. ಇಲ್ಲಿನ ಸಂಖ್ಯೆಯನ್ನು ಸುಮಾರು 88ರಿಂದ ಭಾಗಿಸಿದರೆ ಊರಿನ ಲೆಕ್ಕ ಸಿಗುತ್ತದೆ. ಫೋನಿನಲ್ಲಿ "ನನಗೆ ತೊಂಬತ್ತು ಬಂದಿದೆ ಮಗಾ, ನಿನ್ನ ದೊಡ್ಡಪ್ಪನಿಗೆ ಎರಡೇ ಬಂದಿದೆಯಂತೆ" ಅಂತ ಯಾರಾದರೂ ಹೆದರಿದರೆ, ನಿಜವಾಗಿ ಹೆದರಬೇಕಾದದ್ದು ದೊಡ್ಡಪ್ಪನ ಎರಡಕ್ಕೆ. ಒಂದು ಇದ್ದದ್ದು ಎರಡಾಯಿತು ಅಂದರೆ ಸೋಸುವ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದೆ.

ಯಂತ್ರ ಹುಟ್ಟಿದ ಬಗೆ

ಡಯಾಲಿಸಿಸ್ ಎಂಬ ಹೆಸರು ಕೊಟ್ಟವರು ಸ್ಕಾಟ್ಲೆಂಡಿನ ರಸಾಯನ ವಿಜ್ಞಾನಿ ಥಾಮಸ್ ಗ್ರಹಾಂ, 1861ರಲ್ಲಿ. ತೆಳುವಾದ ಪೊರೆಯ ಒಂದು ಕಡೆ ದಪ್ಪ ದ್ರಾವಣ, ಇನ್ನೊಂದು ಕಡೆ ತೆಳು ದ್ರಾವಣ ಇಟ್ಟರೆ ಸಣ್ಣ ಕಣಗಳು ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ದಾಟುತ್ತವೆ, ದೊಡ್ಡವು ಅಲ್ಲೇ ಉಳಿಯುತ್ತವೆ. ಇಡೀ ಚಿಕಿತ್ಸೆ ನಿಂತಿರುವುದು ಈ ಒಂದು ತತ್ವದ ಮೇಲೆ. 1924ರಲ್ಲಿ ಜರ್ಮನಿಯ ಜಾರ್ಜ್ ಹಾಸ್ ಮೊದಲ ಬಾರಿಗೆ ಮನುಷ್ಯನ ಮೇಲೆ ಇದನ್ನು ಪ್ರಯೋಗಿಸಿದರು, ಆದರೆ ರೋಗಿಗಳು ಉಳಿಯಲಿಲ್ಲ.

ಉಪಯೋಗಕ್ಕೆ ಬಂದ ಮೊದಲ ಯಂತ್ರವನ್ನು ಕಟ್ಟಿದವರು ನೆದರ್‌ಲೆಂಡ್ಸಿನ ಕಾಂಪೆನ್ ಎಂಬ ಊರಿನ ವೈದ್ಯ ವಿಲೆಮ್ ಕೋಲ್ಫ್. ಎರಡನೆಯ ಮಹಾಯುದ್ಧದ ಕಾಲ, ದೇಶ ಜರ್ಮನ್ ಸೇನೆಯ ಹಿಡಿತದಲ್ಲಿತ್ತು. ಮಾಂಸದ ಸಾಸೇಜಿಗೆ ಹೊದಿಸುವ ಸೆಲೋಫೇನ್ ಕೊಳವೆಯನ್ನು ಮರದ ಪಟ್ಟಿಗಳ ಉರುಳೆಗೆ ಸುತ್ತಿ, ಉಪ್ಪುನೀರಿನ ತೊಟ್ಟಿಯಲ್ಲಿ ತಿರುಗಿಸಿ, ಅದರೊಳಗೆ ರಕ್ತ ಹರಿಸಿದರು. 1943ರಿಂದ ಒಬ್ಬರಾದ ಮೇಲೊಬ್ಬರಂತೆ ರೋಗಿಗಳಿಗೆ ಚಿಕಿತ್ಸೆ ಕೊಟ್ಟರೂ ಫಲ ಸಿಗಲಿಲ್ಲ. 1945ರಲ್ಲಿ 17ನೆಯ ರೋಗಿ, 67 ವರ್ಷದ ಮಹಿಳೆ, ಬದುಕಿ ಎದ್ದರು.

ಆದರೂ ಅದು ತಾತ್ಕಾಲಿಕ ಕಿಡ್ನಿ ಸೋಲಿಗೆ ಮಾತ್ರ. ಪ್ರತಿ ಸಲವೂ ಹೊಸದಾಗಿ ರಕ್ತನಾಳ ಕೊಯ್ಯಬೇಕಿತ್ತು. ನಾಳಗಳು ಮುಗಿದರೆ ಚಿಕಿತ್ಸೆಯೂ ಮುಗಿಯಿತು. 1960ರಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ತೋಳಿನಲ್ಲೇ ಉಳಿಯುವ ಟೆಫ್ಲಾನ್ ಕೊಳವೆಯನ್ನು ಅಳವಡಿಸಿದ ಮೇಲೆ ವರ್ಷಗಟ್ಟಲೆ ಡಯಾಲಿಸಿಸ್ ಮಾಡಿಸುವುದು ಸಾಧ್ಯವಾಯಿತು. ಕೂಡಲೇ ಇನ್ನೊಂದು ಸಂಕಟ ಎದುರಾಯಿತು. ಯಂತ್ರ ಕೆಲವೇ, ರೋಗಿಗಳು ಬಹಳ. ಯಾರಿಗೆ ಯಂತ್ರ, ಯಾರಿಗೆ ಇಲ್ಲ ಅಂತ ತೀರ್ಮಾನಿಸಲು ಸಾಮಾನ್ಯ ನಾಗರಿಕರ ಒಂದು ಸಮಿತಿಯನ್ನೇ ಕೂರಿಸಿದರು. ರೋಗಿಯ ಕೆಲಸ, ಸಂಸಾರ, ಊರಿನಲ್ಲಿ ಅವನಿಗಿರುವ ಹೆಸರು, ಎಲ್ಲವೂ ಅಲ್ಲಿ ತೂಕಕ್ಕೆ ಬಂತು. 1962ರಲ್ಲಿ ಒಂದು ಪತ್ರಿಕೆ ಇದನ್ನು ಬರೆದಾಗ ಅಮೆರಿಕ ಬೆಚ್ಚಿಬಿತ್ತು. ವೈದ್ಯಕೀಯ ನೀತಿಶಾಸ್ತ್ರದ ತರಗತಿಗಳಲ್ಲಿ ಈ ಪ್ರಸಂಗವನ್ನು ಇವತ್ತಿಗೂ ಪಾಠ ಮಾಡುತ್ತಾರೆ.

1966ರಲ್ಲಿ ನ್ಯೂಯಾರ್ಕಿನ ಬ್ರೆಶಿಯಾ, ಚಿಮಿನೋ ಮತ್ತು ಸಂಗಡಿಗರು ಮುಂಗೈಯ ಅಪಧಮನಿಯನ್ನು ಪಕ್ಕದ ಅಭಿಧಮನಿಗೆ ಹೊಲಿದು ಫಿಸ್ಟುಲಾ ಮಾಡುವುದನ್ನು ತೋರಿಸಿದರು. ಅಭಿಧಮನಿ ದಪ್ಪವಾಗಿ ಗಟ್ಟಿಯಾಗುತ್ತದೆ, ಮತ್ತೆ ಮತ್ತೆ ಸೂಜಿ ಚುಚ್ಚಲು ಒಗ್ಗುತ್ತದೆ. ಅರವತ್ತು ವರ್ಷ ಕಳೆದರೂ ಅದಕ್ಕಿಂತ ಒಳ್ಳೆಯ ದಾರಿ ಸಿಕ್ಕಿಲ್ಲ.

ನಾಲ್ಕು ಗಂಟೆಯ ಲೆಕ್ಕ

ಸಾಮಾನ್ಯವಾಗಿ ಡಯಾಲಿಸಿಸ್ ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ. ನಿಮಿಷಕ್ಕೆ ಸುಮಾರು 300 ಮಿಲಿಲೀಟರ್ ರಕ್ತ ಸೂಜಿಯಿಂದ ಹೊರಗೆ ಬಂದು, ಕೂದಲಿನಷ್ಟು ತೆಳುವಾದ ಸಾವಿರಾರು ಕೊಳವೆಗಳ ಮೂಲಕ ಹಾದು ಹಿಂದಿರುಗುತ್ತದೆ. ಆ ಕೊಳವೆಗಳ ಹೊರಗೆ ಎದುರು ದಿಕ್ಕಿನಲ್ಲಿ ನಿಮಿಷಕ್ಕೆ 500 ಮಿಲಿಲೀಟರ್ ಶುದ್ಧ ದ್ರವ ಹರಿಯುತ್ತದೆ. ನಾಲ್ಕು ಗಂಟೆಗೆ ಅದು 120 ಲೀಟರ್ ಆಯಿತು. ಕುಡಿಯುವ ನೀರಿನ ಶುದ್ಧಿ ಇದಕ್ಕೆ ಸಾಲದು. ಕ್ಲೋರಿನ್, ಅಲ್ಯೂಮಿನಿಯಂ, ಸೂಕ್ಷ್ಮಜೀವಿಗಳ ವಿಷ, ಎಲ್ಲವನ್ನೂ ತೆಗೆದಿರಬೇಕು. ಸಮುದ್ರದ ನೀರನ್ನು ಸಿಹಿ ಮಾಡಿ ಕುಡಿಯುವ ಕುವೈತಿನಲ್ಲೂ, ಕೊಳವೆಬಾವಿಯ ನೀರಿರುವ ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲೂ, ಡಯಾಲಿಸಿಸ್ ಕೋಣೆಯ ಹಿಂದೆ ಇನ್ನೊಂದು ನೀರಿನ ಕೋಣೆ ಇರಲೇಬೇಕು.

ಈಗ ಲೆಕ್ಕ ಹಾಕಿ. ವಾರಕ್ಕೆ 168 ಗಂಟೆ. ಯಂತ್ರದ ಪಾಲು 12. ಉಳಿದ 156 ಗಂಟೆ ರೋಗಿ ಕಿಡ್ನಿ ಇಲ್ಲದೆಯೇ ಬದುಕಬೇಕು. ಅದಕ್ಕೇ ನೀರನ್ನು ಅಳೆದು ಕುಡಿಯುವುದು. ಅದಕ್ಕೇ ಉಪ್ಪಿನಕಾಯಿ, ಹಪ್ಪಳ ದೂರ ಇಡುವುದು. ನಾವು ಒಳ್ಳೆಯದೆಂದು ಕೊಡುವ ಎಳನೀರು, ಬಾಳೆಹಣ್ಣು, ಇಲ್ಲಿ ಮನೆಮನೆಯಲ್ಲೂ ಇರುವ ಖರ್ಜೂರ, ಇವುಗಳಲ್ಲಿ ಪೊಟ್ಯಾಸಿಯಂ ಜಾಸ್ತಿ. ಅದು ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಡಯಾಲಿಸಿಸ್‌ನಲ್ಲಿ ಇರುವವರನ್ನು ನೋಡಲು ಹೋಗುವಾಗ ಎಳನೀರು ತೆಗೆದುಕೊಂಡು ಹೋಗಬೇಡಿ.

ಹಾಗಾದರೆ ಯಂತ್ರವನ್ನು ಇನ್ನೂ ಜೋರು ಮಾಡಿದರೆ? ಅಮೆರಿಕದಲ್ಲಿ ನಡೆದ ಹೀಮೋ ಎಂಬ ದೊಡ್ಡ ಅಧ್ಯಯನ ಇದನ್ನೇ ಪರೀಕ್ಷಿಸಿತು. ವಾರಕ್ಕೆ ಮೂರೇ ಸಲ ಇಟ್ಟುಕೊಂಡು ಶುದ್ಧೀಕರಣದ ಪ್ರಮಾಣವನ್ನು ಹೆಚ್ಚಿಸಿದರೆ ಒಟ್ಟಾರೆ ಸಾವು ಕಡಿಮೆಯಾಗಲಿಲ್ಲ ಎಂದು 2002ರಲ್ಲಿ ಗೊತ್ತಾಯಿತು. 2011ರಲ್ಲಿ ಬಂದ ಇನ್ನೊಂದು ಅಧ್ಯಯನ, ವಾರದಲ್ಲಿ ಎರಡು ದಿನ ಬಿಡುವು ಬರುತ್ತದಲ್ಲ, ಆ ಉದ್ದನೆಯ ಬಿಡುವು ಮುಗಿದ ದಿನ ಸಾವು ಹೆಚ್ಚು ಎಂದು ತೋರಿಸಿತು. ನಾವು ಮೇಲೆ ಮಾಡಿದ ಪಟ್ಟಿಯನ್ನು ಈಗ ತೆಗೆಯಿರಿ. ಯಂತ್ರ ಕಸ ತೆಗೆಯುತ್ತದೆ, ಹೆಚ್ಚಾದ ನೀರು ತೆಗೆಯುತ್ತದೆ, ಲವಣ ಮತ್ತು ಆಮ್ಲವನ್ನು ಸ್ವಲ್ಪ ಹೊತ್ತು ಹದಕ್ಕೆ ತರುತ್ತದೆ. ಹಾರ್ಮೋನು ಕೊಡುವುದಿಲ್ಲ. 1989ರಲ್ಲಿ ಎರಿಥ್ರೊಪೊಯೆಟಿನ್ ಇಂಜೆಕ್ಷನ್ ಬರುವ ತನಕ ಈ ರೋಗಿಗಳಲ್ಲಿ ಬಹಳ ಜನ ರಕ್ತ ಹಾಕಿಸಿಕೊಂಡೇ ದಿನ ನೂಕುತ್ತಿದ್ದರು.

ಪೆರಿಟೋನಿಯಲ್ ಡಯಾಲಿಸಿಸ್ ಎಂಬ ಇನ್ನೊಂದು ದಾರಿಯೂ ಇದೆ. ಹೊಟ್ಟೆಯೊಳಗಿನ ಪೊರೆಯನ್ನೇ ಜರಡಿ ಮಾಡಿಕೊಂಡು, ಮನೆಯಲ್ಲೇ ದಿನಕ್ಕೆ ಸುಮಾರು ನಾಲ್ಕು ಸಲ ದ್ರವ ತುಂಬಿಸಿ ಬಸಿಯುವುದು. 1976ರಲ್ಲಿ ಅಮೆರಿಕದ ಪೊಪೊವಿಚ್ ಮತ್ತು ಮಾಂಕ್ರಿಫ್ ಇದನ್ನು ಸೂಚಿಸಿದರು. ಡಯಾಲಿಸಿಸ್ ಕೇಂದ್ರದಿಂದ ದೂರ ಇರುವ ಹಳ್ಳಿಯವರಿಗೆ ಇದು ಅನುಕೂಲ. ಕೈ ತೊಳೆಯುವುದರಲ್ಲಿ ಮಾತ್ರ ಚೂರೂ ಉದಾಸೀನ ಮಾಡುವಂತಿಲ್ಲ.

ವೆಲ್ಲೂರಿನಿಂದ ಕುವೈತಿಗೆ

ಕೋಲಾರ, ಬೆಂಗಳೂರು ಕಡೆಯ ಮನೆಗಳಲ್ಲಿ "ವೆಲ್ಲೂರಿಗೆ ಕರ್ಕೊಂಡು ಹೋದ್ರು" ಅಂದರೆ ಕಾಯಿಲೆ ದೊಡ್ಡದು ಎಂದೇ ಅರ್ಥ. ಆ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ 1971ರಲ್ಲಿ ಭಾರತದ ಮೊದಲ ಯಶಸ್ವಿ ಕಿಡ್ನಿ ಕಸಿ ನಡೆಯಿತು. ಶಸ್ತ್ರಚಿಕಿತ್ಸೆ ಡಾ. ಮೋಹನ್ ರಾವ್ ಅವರದು, ಕಿಡ್ನಿ ವೈದ್ಯರಾಗಿ ರೋಗಿಯನ್ನು ನೋಡಿಕೊಂಡವರು ಡಾ. ಕೆ. ವಿ. ಜಾನಿ. ಅದಕ್ಕೆ ಮುಂಚೆ 1965ರಲ್ಲಿ ಮುಂಬಯಿಯಲ್ಲಿ ನಡೆದ ಪ್ರಯತ್ನದಲ್ಲಿ ರೋಗಿ ಉಳಿದಿರಲಿಲ್ಲ. ಡಾ. ಜಾನಿ ಆಮೇಲೆ ಕುವೈತಿಗೆ ಬಂದು, ಇಲ್ಲಿನ ವೈದ್ಯರ ಜತೆ ವರ್ಷಗಟ್ಟಲೆ ಸಂಶೋಧನೆ ನಡೆಸಿದರು. ಕುವೈತಿನಲ್ಲಿ ಕಿಡ್ನಿ ಕಸಿ 1979ರಲ್ಲಿ ಡಾ. ಜಾರ್ಜ್ ಅಬೂನಾ ಅವರ ಕೈಯಲ್ಲಿ ಶುರುವಾಗಿತ್ತು. ಮೊದಲ ಸಾಹಸದ ಕಾಲ ಮುಗಿದಿತ್ತು. ಚಿಕಿತ್ಸೆ ಪಡೆದವರು ಹೇಗಿದ್ದಾರೆ ಅಂತ ಕೇಳುವ ಕಾಲ ಬಂದಿತ್ತು. ಡಾ. ಜಾನಿ ಪಾಲ್ಗೊಂಡ ಮೂರು ಅಧ್ಯಯನಗಳನ್ನು ಇಲ್ಲಿ ನೋಡೋಣ.

ಮೊದಲನೆಯದು ಎಣಿಕೆ. 1994ರಲ್ಲಿ ಡಾ. ಕಮಲ್ ಎಲ್ ರಶೈದ್ ಮತ್ತು ಡಾ. ಜಾನಿ ಮೊದಲಾದವರು ಕುವೈತಿನಲ್ಲಿ ಕಿಡ್ನಿ ಪೂರ್ತಿ ಸೋತವರು ಯಾರು, ಅವರಿಗೆ ಯಾವ ಚಿಕಿತ್ಸೆ ಸಿಗುತ್ತಿದೆ ಎಂದು ನಾಲ್ಕೂವರೆ ವರ್ಷಗಳ ಚಿತ್ರಣ ಪ್ರಕಟಿಸಿದರು. ಎಣಿಸುವುದರಲ್ಲಿ ಏನು ಸಂಶೋಧನೆ ಅಂತ ಅನ್ನಿಸಬಹುದು. ಎಷ್ಟು ಜನ, ಯಾವ ಕಾರಣಕ್ಕೆ ಯಂತ್ರದ ಹತ್ತಿರ ಬರುತ್ತಿದ್ದಾರೆ ಅನ್ನುವುದು ಗೊತ್ತಿಲ್ಲದ ದೇಶ ಎಷ್ಟು ಯಂತ್ರ ಕೊಳ್ಳಬೇಕು, ಎಷ್ಟು ನರ್ಸುಗಳನ್ನು ತಯಾರು ಮಾಡಬೇಕು ಅಂತ ಹೇಗೆ ತೀರ್ಮಾನಿಸುತ್ತದೆ? ಸಿಯಾಟಲ್‌ನ ಸಮಿತಿಯಂಥದ್ದು ಮತ್ತೆ ಕೂರಬಾರದು ಅಂದರೆ ಮೊದಲು ತಲೆ ಎಣಿಸಬೇಕು.

ಎರಡನೆಯದು ಕಸಿಯ ನಂತರದ ಶುಗರ್. ಬೇರೆಯವರ ಕಿಡ್ನಿಯನ್ನು ದೇಹ ತಳ್ಳಿಬಿಡದಂತೆ ಕೊಡುವ ಸ್ಟೀರಾಯ್ಡ್, ಸೈಕ್ಲೋಸ್ಪೊರಿನ್, ಟ್ಯಾಕ್ರೋಲಿಮಸ್ ಮುಂತಾದ ಮಾತ್ರೆಗಳು ಸಕ್ಕರೆಯನ್ನು ಏರಿಸಬಲ್ಲವು. ಮೊದಲು ಶುಗರ್ ಇಲ್ಲದವರಿಗೂ ಕಸಿಯಾದ ಮೇಲೆ ಶುಗರ್ ಬರುತ್ತದೆ. ಕುವೈತಿನಲ್ಲಿ ಇದು ಹೆಚ್ಚಾಗಿ ಕಾಣುತ್ತಿದೆ ಎಂದು ಡಾ. ಜಾನಿ, ಡಾ. ನಂಪೂರಿ ಮತ್ತಿತರರು 2002ರಲ್ಲಿ ವರದಿ ಮಾಡಿದರು. ಅಣ್ಣನೋ ಅಮ್ಮನೋ ಕೊಟ್ಟ ಕಿಡ್ನಿಯನ್ನು ಹೊಸ ಶುಗರ್ ನಿಧಾನವಾಗಿ ತಿನ್ನುತ್ತದೆ ಅಂದರೆ ಆ ದಾನವೇ ವ್ಯರ್ಥವಾಗುವ ಅಪಾಯ ಇದೆ.

ಮೂರನೆಯದು ರಕ್ತ ಹೆಪ್ಪುಗಟ್ಟುವ ವಿಷಯ. ದೀರ್ಘಕಾಲ ಡಯಾಲಿಸಿಸ್‌ನಲ್ಲಿ ಇರುವವರ ರಕ್ತಕ್ಕೆ ಬೇಗ ಹೆಪ್ಪುಗಟ್ಟುವ ಸ್ವಭಾವ ಬರುತ್ತದೆ, ಕಸಿಯಾದ ಮೇಲೆ ಅದು ಸರಿಹೋಗುತ್ತದೆ ಎಂದು ಇದೇ ತಂಡ 2003ರಲ್ಲಿ ತೋರಿಸಿತು. ರೋಗಿಗೆ ಇದರ ಅರ್ಥ ಬಹಳ ನೇರ. ಫಿಸ್ಟುಲಾದಲ್ಲಿ ಹೆಪ್ಪು ಕಟ್ಟಿದರೆ ಯಂತ್ರ ಪಕ್ಕದಲ್ಲೇ ಇದ್ದರೂ ರಕ್ತ ಅದಕ್ಕೆ ತಲುಪುವ ದಾರಿ ಇಲ್ಲ. ಅದಕ್ಕೇ ಆ ಕೈಯಲ್ಲಿ ಬಿಪಿ ನೋಡಬಾರದು, ರಕ್ತ ತೆಗೆಯಬಾರದು, ಭಾರದ ಚೀಲ ನೇತುಹಾಕಬಾರದು, ಅದನ್ನು ತಲೆದಿಂಬು ಮಾಡಿಕೊಂಡು ಮಲಗಬಾರದು. ಬೆಳಿಗ್ಗೆ ಎದ್ದು ಬೆರಳಿಟ್ಟರೆ ಜುಮ್ ಅನ್ನುವ ಕಂಪನ ಸಿಗಬೇಕು. ಸಿಗದಿದ್ದರೆ ಅವತ್ತೇ ಆಸ್ಪತ್ರೆಗೆ ಓಡಬೇಕು.

ಮೂರನ್ನೂ ಒಟ್ಟಿಗೆ ಓದಿದಾಗ ನಮಗೆ ಕಂಡದ್ದು ಇಷ್ಟು. ಯಂತ್ರ ಕೆಲಸ ಮಾಡಿತು, ಕಸಿ ಹಿಡಿಯಿತು ಅನ್ನುವಲ್ಲಿಗೆ ಈ ವೈದ್ಯರು ಕಡತ ಮುಚ್ಚಲಿಲ್ಲ. ಉಳಿದ 156 ಗಂಟೆಗಳಲ್ಲಿ, ಕಸಿಯಾದ ಮೇಲಿನ ವರ್ಷಗಳಲ್ಲಿ ರೋಗಿಗೆ ಏನಾಗುತ್ತಿದೆ ಎಂದು ಹಿಂದೆ ಬಿದ್ದು ನೋಡಿದರು.

ಬಿಸಿಲು, ನೀರು, ನೋವಿನ ಮಾತ್ರೆ

2016ರ ಜುಲೈ 21ರಂದು ಕುವೈತಿನ ಮಿತ್ರಿಬಾದಲ್ಲಿ 53.9 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಜೂನ್‌ನಿಂದ ಆಗಸ್ಟ್ ತನಕ ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ ಬಯಲಿನಲ್ಲಿ ಕೆಲಸ ಮಾಡಿಸಬಾರದು ಎಂಬ ನಿಯಮ ಇಲ್ಲಿದೆ. ಎಲ್ ಸಾಲ್ವಡಾರ್, ನಿಕರಾಗುವಾಗಳ ಕಬ್ಬಿನ ಗದ್ದೆಗಳಲ್ಲಿ ಶುಗರ್, ಬಿಪಿ ಯಾವುದೂ ಇಲ್ಲದ ಯುವಕರ ಕಿಡ್ನಿ ಸೋತಾಗ, ಬಿಸಿಲಿನಲ್ಲಿ ದುಡಿಯುವುದು ಮತ್ತು ಮತ್ತೆ ಮತ್ತೆ ಮೈ ನೀರು ಆರುವುದು ಅದಕ್ಕೆ ಒಂದು ಮುಖ್ಯ ಕಾರಣ ಎಂದು ಸಂಶೋಧಕರು ಸಂಶಯಪಟ್ಟರು. ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ ಪ್ರದೇಶದಲ್ಲೂ ಕಾರಣ ಪೂರ್ತಿ ತಿಳಿಯದ ಕಿಡ್ನಿ ಕಾಯಿಲೆ ರೈತರನ್ನು ಕಾಡುತ್ತಿದೆ. ಗಲ್ಫಿನಲ್ಲಿ ದುಡಿದು ಕಿಡ್ನಿ ಕೆಟ್ಟು ಊರಿಗೆ ಮರಳಿದ ಯುವಕರ ವಿಷಯವನ್ನು ನೇಪಾಳದ ವೈದ್ಯರೂ ಎತ್ತಿದ್ದಾರೆ.

ಕಟ್ಟಡದ ಕೆಲಸ, ಡೆಲಿವರಿ ಬೈಕು, ರಸ್ತೆ ಕೆಲಸ ಮಾಡುವ ನಮ್ಮೂರಿನ ಅಣ್ಣಂದಿರು ಇಲ್ಲಿ ಎಷ್ಟೋ ಜನ ಇದ್ದಾರೆ. ದಿನವಿಡೀ ಬೆವರು, ಮೂತ್ರಕ್ಕೆ ಹೋಗಲು ಜಾಗ ಇಲ್ಲ ಅಂತ ನೀರು ಕುಡಿಯದಿರುವುದು, ರಾತ್ರಿ ಸೊಂಟನೋವಿಗೆ ಡೈಕ್ಲೋಫೆನಾಕ್ ಅಥವಾ ಐಬುಪ್ರೊಫೆನ್ ನುಂಗಿ ಮಲಗುವುದು. ಈ ಮೂರೂ ಸೇರುವುದು ಕಿಡ್ನಿಗೆ ತುಂಬ ಕೆಟ್ಟದ್ದು. ನೀರು ಕಡಿಮೆಯಾದಾಗ ಕಿಡ್ನಿ ತನ್ನೊಳಗಿನ ರಕ್ತನಾಳಗಳನ್ನು ಅಗಲಿಸಿಕೊಂಡು ಹೇಗೋ ಸಂಭಾಳಿಸುತ್ತಿರುತ್ತದೆ. ಈ ಮಾತ್ರೆಗಳು ಆ ದಾರಿಯನ್ನೇ ಮುಚ್ಚುತ್ತವೆ. ಸರಿಯಾದ ಪ್ರಮಾಣದ ಪ್ಯಾರಾಸಿಟಮಾಲ್ ಕಿಡ್ನಿಯ ಮಟ್ಟಿಗೆ ಇವುಗಳಿಗಿಂತ ವಾಸಿ. ಮೂತ್ರದ ಬಣ್ಣ ಕಡು ಹಳದಿಗೆ ತಿರುಗಿದರೆ ನೀರು ಸಾಲುತ್ತಿಲ್ಲ ಅಂತ ಲೆಕ್ಕ.

ಊರಿಗೆ ಮರಳುವ ಪ್ರಶ್ನೆ

ಡಯಾಲಿಸಿಸ್ ಶುರುವಾದ ಮೇಲೆ ಪರದೇಶದಲ್ಲಿರುವ ಕುಟುಂಬಕ್ಕೆ ಕಾಯಿಲೆಯ ಜತೆ ಕೆಲಸ, ವೀಸಾ, ವಿಮೆ ಎಲ್ಲವೂ ಒಟ್ಟಿಗೆ ಎದುರು ನಿಲ್ಲುತ್ತವೆ. ವಾರಕ್ಕೆ ಮೂರು ದಿನ ರಜೆ ಕೊಡುವ ಯಜಮಾನ ಸಿಗುವುದು ಕಷ್ಟ. ಬಹಳ ಜನ ಊರಿಗೆ ಮರಳುತ್ತಾರೆ. ಅಲ್ಲಿ ದಾರಿಗಳಿವೆ. 2016ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವನ್ನು ಘೋಷಿಸಿತು. ಜಿಲ್ಲಾ ಆಸ್ಪತ್ರೆಗಳಲ್ಲಿ, ಕರ್ನಾಟಕದ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲೂ ಯಂತ್ರಗಳಿವೆ. 2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಇದೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಕಿಡ್ನಿ ಕಾಯಿಲೆಗೆಂದೇ ಸರ್ಕಾರದ ನೆಫ್ರೋ ಯೂರಾಲಜಿ ಸಂಸ್ಥೆ ಇದೆ. ಮಿದುಳು ಸತ್ತವರ ಅಂಗಾಂಗ ದಾನವನ್ನು ನಮ್ಮ ರಾಜ್ಯದಲ್ಲಿ ಜೀವಸಾರ್ಥಕತೆ ನೋಡಿಕೊಳ್ಳುತ್ತದೆ. ಕಿಡ್ನಿ ಮಾರುವುದು, ಕೊಳ್ಳುವುದು 1994ರ ಕಾಯ್ದೆಯ ಪ್ರಕಾರ ಅಪರಾಧ. ದುಡ್ಡು ಕೊಟ್ಟರೆ ಬೇಗ ಮಾಡಿಸಿಕೊಡುತ್ತೇವೆ ಅನ್ನುವ ದಲ್ಲಾಳಿ ಫೋನ್ ಮಾಡಿದರೆ ಇಟ್ಟುಬಿಡಿ.

ಹೊರಡುವ ಮೊದಲು ಇಲ್ಲಿಂದ ತರಬೇಕಾದ ಕಾಗದಗಳು ಇವು: ಕೊನೆಯ ಡಯಾಲಿಸಿಸ್ ವಿವರ, ಒಣ ತೂಕ ಅಂದರೆ ಹೆಚ್ಚಿನ ನೀರೆಲ್ಲ ತೆಗೆದ ಮೇಲಿನ ತೂಕ, ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ಪರೀಕ್ಷೆಯ ಫಲಿತಾಂಶ, ಮಾತ್ರೆಗಳ ಪಟ್ಟಿ. ಹೆಪಟೈಟಿಸ್ ಇದ್ದವರಿಗೆ ಬೇರೆ ಯಂತ್ರ ಇಡುವ ಪದ್ಧತಿ ಇರುವುದರಿಂದ, ಆ ರಿಪೋರ್ಟ್ ಇಲ್ಲದಿದ್ದರೆ ಹೊಸ ಕೇಂದ್ರದಲ್ಲಿ ಮೊದಲ ದಿನವೇ ಕಾಯಬೇಕಾದೀತು.

ನಾವು ಮಾಡಬಹುದಾದದ್ದು

ಯಂತ್ರದ ತನಕ ಹೋಗದಂತೆ ತಡೆಯಲು ಈಗ ಮೊದಲಿಗಿಂತ ಹೆಚ್ಚು ಔಷಧಗಳಿವೆ. ಬಿಪಿಗೆ ಕೊಡುವ ಕೆಲವು ಮಾತ್ರೆಗಳು ಪ್ರೋಟೀನ್ ಸೋರುವುದನ್ನು ತಗ್ಗಿಸಿ ಕಿಡ್ನಿಯನ್ನು ಕಾಯುತ್ತವೆ ಎಂದು 1993ರಿಂದಲೇ ಗೊತ್ತು. 2019ರಲ್ಲಿ ಕ್ಯಾನಾಗ್ಲಿಫ್ಲೋಜಿನ್, 2020ರಲ್ಲಿ ಡಾಪಾಗ್ಲಿಫ್ಲೋಜಿನ್ ಕಿಡ್ನಿ ಕೆಡುವುದನ್ನು ನಿಧಾನ ಮಾಡುತ್ತವೆ ಎಂದು ದೊಡ್ಡ ಅಧ್ಯಯನಗಳು ತೋರಿಸಿದವು. ಆದರೆ ಇವುಗಳ ಪೂರ್ತಿ ಪ್ರಯೋಜನ ಸಿಗುವುದು ಕಾಯಿಲೆ ಬೇಗ ಸಿಕ್ಕಿದವರಿಗೆ. ಬೇಗ ಸಿಗಬೇಕಾದರೆ ಮನೆಯಲ್ಲಿ ಯಾರಾದರೂ ಕೇಳಬೇಕು.

ಗೆಳೆಯರೇ, ಈ ವಾರ ಮನೆಗೆ ಫೋನ್ ಮಾಡಿದಾಗ ಊಟ ಆಯ್ತಾ ಅಂತ ಕೇಳಿದ ಮೇಲೆ ಇನ್ನು ನಾಲ್ಕು ಪ್ರಶ್ನೆ ಸೇರಿಸಿ. "ಅಪ್ಪಾ, ಕೊನೆಯ ಸಲ ಕ್ರಿಯಾಟಿನಿನ್ ಯಾವಾಗ ನೋಡಿಸಿದ್ರಿ? ಮೂತ್ರದ ಆಲ್ಬುಮಿನ್ ಮಾಡಿಸಿದ್ರಾ? ಬಿಪಿ ಎಷ್ಟಿದೆ? ಮಂಡಿನೋವಿಗೆ ಯಾವ ಮಾತ್ರೆ ತಗೋತೀರಿ?" ಉತ್ತರ ಬರೆದಿಟ್ಟುಕೊಳ್ಳಿ, ತಾರೀಕು ಹಾಕಿ. ಮುಂದಿನ ವರ್ಷ ಅದೇ ಪ್ರಶ್ನೆ ಕೇಳಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಸಂಖ್ಯೆ ಜರುಗಿದ್ದರೆ ವೈದ್ಯರ ಹತ್ತಿರ ಕಳಿಸಿ. ಡಾ. ಜಾನಿ ಮತ್ತು ಸಂಗಡಿಗರು ಒಂದು ದೇಶಕ್ಕಾಗಿ ಮಾಡಿದ ಎಣಿಕೆಯನ್ನು ನಾವು ನಮ್ಮ ಮನೆಯ ಮಟ್ಟಿಗೆ ಮಾಡಬಹುದು. ಅದಕ್ಕೆ ಬೇಕಾದದ್ದು ಒಂದು ನೋಟ್‌ಬುಕ್ಕು, ಐದು ನಿಮಿಷದ ಫೋನು.